ಜನರಲನ ಕತ್ತಿಗೆ ಕುಂಕುಮ

ಮಲೇಷ್ಯಾದ ಕ್ಲಾಂಗ್ ಬಂದರಿನಲ್ಲಿ ನಾವು ಬಿಡಿಸಿಕೊಂಡ ಆ ಕಂಟೇನರಿನಲ್ಲಿ ಇದ್ದದ್ದು ಹೆಚ್ಚಾಗಿ ಗಾಜಿನ ಕಪಾಟುಗಳು, ದೊಡ್ಡ ದೊಡ್ಡ ಚಿತ್ರಫಲಕಗಳು, ಸಮವಸ್ತ್ರ ತೊಟ್ಟು ನಿಲ್ಲುವ ಬೊಂಬೆಗಳು. ಅವು ಒಡೆದರೆ, ಮುಕ್ಕಾದರೆ ಮತ್ತೆ ಮಾಡಿಸಬಹುದು. ಮಾಡಿಸಲಾಗದ್ದು ಒಂದೇ ಇತ್ತು, ಒಂದು ಕತ್ತಿ. ಫ್ರಾನ್ಸಿನ ಮಹಾಕ್ರಾಂತಿಯ ದಿನಗಳಲ್ಲಿ ಒಬ್ಬ ಜನರಲ್ ಸೊಂಟಕ್ಕೆ ಕಟ್ಟಿದ್ದ ಕತ್ತಿ. ಆ ಕಾಲದ ಸಿಪಾಯಿಗಳ ಬದುಕಿನ ಬಗ್ಗೆ ಪೆಟಾಲಿಂಗ್ ಜಯಾದ ಗ್ಯಾಲರಿಯೊಂದರಲ್ಲಿ ಪ್ರದರ್ಶನ ಏರ್ಪಾಡಾಗಿತ್ತು. ಹಡಗಿನಿಂದ ಇಳಿದ ಸಾಮಾನನ್ನು ಗ್ಯಾಲರಿಯ ಗೋಡೆಯ ತನಕ ಮುಟ್ಟಿಸುವುದು ನಮ್ಮ ಕಂಪನಿಯ ಕೆಲಸ. ಮುಟ್ಟಿತೋ ಇಲ್ಲವೋ ಎಂದು ನೋಡುವುದು ನನ್ನ ಕೆಲಸ.

ಕತ್ತಿಯನ್ನು ಬರಮಾಡಿಕೊಳ್ಳಲು ಅದರ ಕ್ಯುರೇಟರ್ ಮೊದಲೇ ವಿಮಾನದಲ್ಲಿ ಬಂದು ಕೂತಿದ್ದರು. ಜನರಲ್ ಹುಟ್ಟಿದ ಸಣ್ಣ ಊರಿನ ಪುರಸಭೆಯ ಸಂಗ್ರಹಾಲಯವನ್ನು ಒಬ್ಬರೇ ನೋಡಿಕೊಳ್ಳುವ ಹೆಂಗಸು, ನಿವೃತ್ತಿಯ ಅಂಚಿನಲ್ಲಿದ್ದವರು. ಮೊದಲ ಭೇಟಿಯಲ್ಲಿ ನನ್ನ ಕೈ ಕುಲುಕಿದ ಕೂಡಲೇ ಉಗುರು ನೋಡಿದರು. ಬಣ್ಣ ಹಚ್ಚಿದ ಉಗುರಿನವರು ಕತ್ತಿಯ ಹತ್ತಿರ ಸುಳಿಯಬಾರದಂತೆ. ನಾನು ಮಂಗಳೂರಿನ ಕೆಥೊಲಿಕ್ ಮನೆಯಲ್ಲಿ ಅತ್ತೆಯರ ದಂಡಿನ ನಡುವೆ ಬೆಳೆದವಳು. ತಪ್ಪು ಹುಡುಕುವ ಕಣ್ಣು ಯಾವುದೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇವರೊಡನೆ ನನಗೆ ಎಣ್ಣೆ ಸೀಗೆಕಾಯಿ ಎಂದುಕೊಂಡೆ.

ನಮ್ಮ ಗೋದಾಮಿನ ಸೂಪರ್‌ವೈಸರ್ ಮೈಸೂರಿನವರು, ಐವತ್ತು ದಾಟಿದವರು. ತಮಿಳರು, ಮಲಯರು, ಚೀನೀಯರು ಎನ್ನದೆ ಎಲ್ಲರೂ ಅವರನ್ನು ‘ಮೈಸೂರಣ್ಣ’ ಎಂದೇ ಕರೆಯುವುದು. ಸಾಮಾನು ಹೇರಿದ ಮರದ ಪ್ಯಾಲೆಟ್ ಒಂದು ಬೆರಳಿನಷ್ಟು ಸೊಟ್ಟಗಿದ್ದರೂ ಇಳಿಸಿ ಮತ್ತೆ ಇಡಿಸುವ ಮನುಷ್ಯ. ಆ ವರ್ಷ ಅವರ ಕೆಲಸದ ಪಾಸ್ ನವೀಕರಣಕ್ಕೆ ಬಂದಿತ್ತು. ಕಂಪನಿ ಒಪ್ಪಿಗೆ ಕೊಟ್ಟರೆ ಪಾಸ್, ಇಲ್ಲದಿದ್ದರೆ ಗಂಟುಮೂಟೆ. ಹೊರದೇಶದವರಲ್ಲಿ ಒಬ್ಬರನ್ನಾದರೂ ಕಮ್ಮಿ ಮಾಡಿ ಎಂದು ಮೇಲಿನವರು ನಮ್ಮ ಮ್ಯಾನೇಜರನ್ನು ಕಾಡುತ್ತಿದ್ದರು, ಅವರು ಒಪ್ಪಿಗೆಗೆ ಸಹಿ ಹಾಕದೆ ದಿನ ತಳ್ಳುತ್ತಿದ್ದರು. ಮೈಸೂರಣ್ಣನ ಮಗಳಿಗೆ ಇಲ್ಲಿಯ ಕಾಲೇಜಿನಲ್ಲಿ ಕೊನೆಯ ವರ್ಷ. ಅಪ್ಪನ ಕೆಲಸ ಹೋದರೆ ಅವಳ ಓದು ನಡುನೀರಿನಲ್ಲಿ. ಅದನ್ನು ಅವರು ಯಾರಿಗೂ ಹೇಳಿಕೊಳ್ಳುತ್ತಿರಲಿಲ್ಲ, ಆದರೆ ಎಲ್ಲರಿಗೂ ಗೊತ್ತಿತ್ತು.

ಮೊದಲ ಅಡ್ಡಿ ಬಂದದ್ದು ಪರವಾನಗಿಯಿಂದ. ಕತ್ತಿ ಎಷ್ಟು ಹಳೆಯದಾದರೂ ಕತ್ತಿಯೇ. ಆಯುಧ ಒಳಗೆ ತರಲು ಪೊಲೀಸರ ಒಪ್ಪಿಗೆ ಬೇಕು, ಕಾಗದದಲ್ಲಿರುವ ಅಳತೆಯೂ ಎದುರಿಗಿರುವ ಕತ್ತಿಯ ಅಳತೆಯೂ ತಾಳೆಯಾಗಬೇಕು. ಅಲ್ಲಿಂದ ಕಳಿಸಿದವರು ಅಲಗನ್ನು ಮಾತ್ರ ಅಳೆದು ಬರೆದಿದ್ದರು. ಇಲ್ಲಿಯ ಅಧಿಕಾರಿ ಹಿಡಿಯನ್ನೂ ಸೇರಿಸಿ ಅಳೆದರು. ಹಾಗಾದರೆ ಇದು ಬೇರೆ ಕತ್ತಿಯೇ ಎಂಬ ಪ್ರಶ್ನೆ ಎದ್ದಿತು. ಆ ಅಧಿಕಾರಿ ಒಳ್ಳೆಯ ಹೆಂಗಸು, ನಗುತ್ತಲೇ ಕೇಳಿದರು, ಆದರೆ ನಗುತ್ತಾ ಸಹಿ ಹಾಕಲಿಲ್ಲ. ಫ್ರಾನ್ಸಿನಿಂದ ತಿದ್ದುಪಡಿ ಬರುವ ತನಕ ಕತ್ತಿ ಪೆಟ್ಟಿಗೆಯಲ್ಲಿ, ಪೆಟ್ಟಿಗೆ ನಮ್ಮ ಗೋದಾಮಿನಲ್ಲಿ, ನಾನೂ ಕ್ಯುರೇಟರೂ ರಸ್ತೆಯಾಚೆ ತಮಿಳು ಮುಸ್ಲಿಮರು ನಡೆಸುವ ಮಾಮಕ್ ಚಹಾದಂಗಡಿಯಲ್ಲಿ.

ಅಲ್ಲಿ ತೆಹ್ ತಾರಿಕ್ ಎಂಬ ನೊರೆಚಹಾ ಕುಡಿಯುತ್ತ ಕ್ಯುರೇಟರ್ ನನಗೆ ಜನರಲನ ಕಥೆ ಹೇಳಿದರು. ಅವನು ಕುದುರೆಗೆ ಲಾಳ ಕಟ್ಟುವವನ ಮಗ. ಮೀಸೆ ಮೂಡುವ ಮೊದಲೇ ಸಿಪಾಯಿಯಾದ. ಅರಸನ ಸೈನ್ಯದಲ್ಲಿ ಅಧಿಕಾರಿಯಾಗಲು ಸಾಮರ್ಥ್ಯಕ್ಕಿಂತ ಮನೆತನ ಮುಖ್ಯ, ಹಾಗಾಗಿ ವರ್ಷಗಟ್ಟಲೆ ಸಾರ್ಜೆಂಟ್ ಆಗಿಯೇ ಉಳಿದ. ಕ್ರಾಂತಿಯಾಯಿತು, ಮನೆತನದವರು ಗಡಿ ದಾಟಿ ಓಡಿದರು, ಸೈನ್ಯಕ್ಕೆ ತಲೆಯೇ ಇಲ್ಲದಾಯಿತು. ಆಗ ಸಿಪಾಯಿಗಳೇ ಕೈಯೆತ್ತಿ ಇವನನ್ನು ತಮ್ಮ ದಳದ ನಾಯಕನನ್ನಾಗಿ ಆರಿಸಿಕೊಂಡರು. ಅಲ್ಲಿಂದ ಕೆಲವೇ ವರ್ಷಗಳಲ್ಲಿ ಜನರಲ್. ಹಿಮ ಬೀಳುವ ತಿಂಗಳಲ್ಲಿ ಸೈನ್ಯವನ್ನು ನದಿ ದಾಟಿಸಿ, ಶತ್ರು ಸುತ್ತುವರಿದಿದ್ದ ಒಂದು ಪಟ್ಟಣವನ್ನು ಬಿಡಿಸಿದವನು. ಯುದ್ಧಕ್ಕೆ ಮೊದಲು ಅವನು ನೋಡುತ್ತಿದ್ದದ್ದು ತೋಪುಗಳನ್ನಲ್ಲ, ರೊಟ್ಟಿಯ ಗಾಡಿಗಳನ್ನೂ ಸಿಪಾಯಿಗಳ ಬೂಟುಗಳನ್ನೂ ಅಂತೆ. ಲಾಳ ಕಟ್ಟುವವನ ಮಗನಲ್ಲವೇ, ಕಾಲಿನ ಬೆಲೆ ಗೊತ್ತಿತ್ತು.

ಚರ್ಚಿನ ಗಂಟೆಗಳನ್ನು ಇಳಿಸಿ ಕರಗಿಸಿ ತೋಪು ಮಾಡಿದ ಕಾಲವೂ ಅದೇ ಎಂದು ಅವರು ಹೇಳಿದಾಗ ನಾನು ಲೋಟ ಕೆಳಗಿಟ್ಟೆ. ನನ್ನ ಅಮ್ಮ ಕೇಳಿದ್ದರೆ ಶಿಲುಬೆಯ ಗುರುತು ಹಾಕಿಕೊಂಡು ಕತ್ತಿಯನ್ನು ಅದೇ ಹಡಗಿನಲ್ಲಿ ವಾಪಸು ಕಳಿಸುತ್ತಿದ್ದಳು. ಆದರೆ ಕಥೆಯ ಕೊನೆ ಕೇಳಿ ನನಗೆ ಆ ಮನುಷ್ಯನ ಮೇಲೆ ಸಿಟ್ಟು ಉಳಿಯಲಿಲ್ಲ. ಒಂದು ಮಂಜಿನ ಬೆಳಿಗ್ಗೆ ಅವನು ದೊಡ್ಡ ಯುದ್ಧವೊಂದನ್ನು ಗೆದ್ದ. ಶತ್ರು ಓಡತೊಡಗಿದ. ಬೆನ್ನಟ್ಟಿ ಮುಗಿಸು ಎಂದು ಪ್ಯಾರಿಸಿನಿಂದ ಬಂದಿದ್ದ ಸರ್ಕಾರದ ಪ್ರತಿನಿಧಿ ಹೇಳಿದ. ಜನರಲ್ ತನ್ನ ಸಿಪಾಯಿಗಳನ್ನು ನೋಡಿದ. ಎಷ್ಟೋ ಮಂದಿಯ ಕಾಲಿಗೆ ಬೂಟಿನ ಬದಲು ಹುಲ್ಲು ಸುತ್ತಿತ್ತು, ಹೊಟ್ಟೆಗೆ ಬಿದ್ದು ದಿನಗಳಾಗಿತ್ತು. ಅಲ್ಲೇ ಬೆಂಕಿ ಹಾಕಿ ಮಲಗಿ ಎಂದು ಅಪ್ಪಣೆ ಕೊಟ್ಟ. ಶತ್ರು ನದಿಯಾಚೆ ಮತ್ತೆ ಕೂಡಿಕೊಂಡ. ಗೆದ್ದ ಜನರಲನನ್ನು ಹಿಡಿದು ಪ್ಯಾರಿಸಿಗೆ ಒಯ್ದು, ದ್ರೋಹಿ ಎಂದು ತೀರ್ಮಾನಿಸಿ ತಲೆ ತೆಗೆದರು. ಕತ್ತಿಯನ್ನು ಅವನ ಸೇವಕನೊಬ್ಬ ಬಟ್ಟೆಯಲ್ಲಿ ಸುತ್ತಿ ಊರಿಗೆ ತಂದನಂತೆ.

ಪೊಲೀಸರ ತೊಡಕು ಬಿಡಿಸಿದ ಮೇಲೆ ಎರಡನೆಯದು ಸುತ್ತಿಕೊಂಡಿತು. ಮರದ ಪೆಟ್ಟಿಗೆಯಲ್ಲಿ ಸಾಮಾನು ಬಂದರೆ ಆ ಮರವನ್ನು ಕಾಯಿಸಿ ಹುಳ ಸಾಯಿಸಿದ್ದಕ್ಕೆ ಗುರುತಾಗಿ ಗೋಧಿ ತೆನೆಯ ಮುದ್ರೆ ಇರಬೇಕು. ಕತ್ತಿಯ ಪೆಟ್ಟಿಗೆಯನ್ನು ಮಾಡಿದವನು ಅವರ ಊರಿನ ಬಡಗಿ. ಬಹಳ ಪ್ರೀತಿಯಿಂದ, ಒಂದು ಮೊಳೆಯೂ ಇಲ್ಲದೆ ಮಾಡಿದ್ದ, ಮುದ್ರೆಯೂ ಇಲ್ಲದೆ. ಪೆಟ್ಟಿಗೆಗೆ ವಿಷದ ಹೊಗೆ ಹಾಕಿಸಿ, ಇಲ್ಲವೇ ಸುಟ್ಟುಹಾಕಿ ಎಂದು ಸಸ್ಯ ತಪಾಸಣೆಯವರು ಹೇಳಿದರು. ಹೊಗೆ ಹಾಕಿಸುವಂತಿರಲಿಲ್ಲ. ಕತ್ತಿಯ ಹಿಡಿಗೆ ಸುತ್ತಿದ್ದ ಚರ್ಮ ಆ ಅನಿಲವನ್ನು ಹೀರಿಕೊಂಡು ಕೆಟ್ಟುಹೋಗುತ್ತದೆ. ಕೊನೆಗೆ ಕತ್ತಿಯನ್ನು ಹೊರತೆಗೆದು ಪೆಟ್ಟಿಗೆಯನ್ನು ಸುಡಲು ಬಿಟ್ಟುಕೊಟ್ಟೆವು. ಕ್ಯುರೇಟರ್ ಮುಚ್ಚಳದ ಒಂದು ಬದಿಯನ್ನು ಕೈಯಿಂದ ಸವರಿ, ಬಡಗಿಗೆ ಏನು ಹೇಳಲಿ ಎಂದರು.

ಕ್ಲಾಂಗ್‌ನ ಒಂದು ವರ್ಕ್‌ಶಾಪಿಗೆ ಅಲ್ಯೂಮಿನಿಯಂ ಪೆಟ್ಟಿಗೆ ಮಾಡಲು ಹೇಳಿದೆವು. ಅದು ಬರುವ ತನಕ ಕತ್ತಿಯನ್ನು ಗೋದಾಮಿನ ಒಳಕೋಣೆಯಲ್ಲಿ ಇಟ್ಟೆವು. ಆ ಕೋಣೆಯ ಗಾಳಿಯ ತೇವವನ್ನು ಯಂತ್ರ ಒಂದೇ ಮಟ್ಟದಲ್ಲಿ ಹಿಡಿದಿಡುತ್ತದೆ. ಉಕ್ಕಿನ ಮೇಜು, ಅದರ ಮೇಲೆ ಕತ್ತಿಯ ಆಕಾರಕ್ಕೆ ಕೊರೆದ ಸ್ಪಂಜು, ಮೇಲೆ ತೆಳುವಾದ ಬಿಳಿ ಕಾಗದ. ಬೆಳಿಗ್ಗೆ ಸಂಜೆ ತೇವದ ಮಾಪಕ ನೋಡುವ ಹೊಣೆ ಮೈಸೂರಣ್ಣನದು, ಹಾಗಾಗಿ ಬೀಗದ ಕೈಯೂ ಅವರ ಬಳಿ. ಆ ಕಾಲದ ಫ್ರೆಂಚರಿಗೂ ಶ್ರೀರಂಗಪಟ್ಟಣಕ್ಕೂ ಸ್ನೇಹವಿತ್ತೆಂದು ಶಾಲೆಯಲ್ಲಿ ಓದಿದ್ದ ಅವರು, ಕತ್ತಿ ತಮ್ಮ ದೂರದ ನೆಂಟರದ್ದು ಎಂಬಂತೆ ನೋಡಿಕೊಂಡರು.

ಅಲ್ಯೂಮಿನಿಯಂ ಪೆಟ್ಟಿಗೆ ಬರುವ ದಿನವೇ ಆಯುಧಪೂಜೆ. ನಮ್ಮ ಗೋದಾಮಿನಲ್ಲಿ ಪ್ರತಿವರ್ಷವೂ ಕೆಲಸ ಶುರುವಾಗುವ ಮೊದಲೇ ಪೂಜೆ ಮುಗಿಸಿಬಿಡುತ್ತಾರೆ. ತಮಿಳು ಹುಡುಗರು ಲಿಟಲ್ ಇಂಡಿಯಾದಿಂದ ಹೂವು ತರುತ್ತಾರೆ, ಫೋರ್ಕ್‌ಲಿಫ್ಟಿನ ಗಾಲಿಯಡಿ ನಿಂಬೆಹಣ್ಣು, ಬಾಗಿಲಲ್ಲಿ ಬೂದುಗುಂಬಳಕಾಯಿ. ನಾನು ಹೋಗುವ ಹೊತ್ತಿಗೆ ಕಡ್ಲೆಪುರಿ ಹಂಚುತ್ತಿದ್ದರು. ತಕ್ಕಡಿಗೂ ಟೇಪ್ ಕಟ್ಟರಿಗೂ ನನ್ನ ಕಂಪ್ಯೂಟರಿಗೂ ಕುಂಕುಮ ಬಿದ್ದಿತ್ತು. ಪುರಿ ಬಾಯಿಗೆ ಹಾಕಿಕೊಂಡು ಒಳಕೋಣೆಗೆ ಹೋದೆ.

ಬಿಳಿ ಕಾಗದವನ್ನು ಅಂದವಾಗಿ ಮಡಿಸಿ ಪಕ್ಕಕ್ಕಿಟ್ಟಿದ್ದರು. ಅಲಗಿನ ಬುಡದಲ್ಲಿ ಗಂಧ, ಅದರ ಮೇಲೆ ಕುಂಕುಮ. ಹಿಡಿಯ ಚರ್ಮದ ಮೇಲೆ ಇನ್ನೊಂದು ಬೊಟ್ಟು. ನಡುವೆ ಒಂದು ಹಳದಿ ಸೇವಂತಿಗೆ.

ಹೊರಗೆ ಬಂದು ಮೈಸೂರಣ್ಣನನ್ನು ಕರೆದೆ.

“ಎಂತ ಮಾಡಿದ್ದು ಮಾರಾಯ್ರೆ ನೀವು?”

“ಪೂಜೆ ಮೇಡಂ,” ಎಂದರು, ನಾನು ಕೇಳಿದ್ದೇ ವಿಚಿತ್ರವೆಂಬಂತೆ. “ಟೇಪ್ ಕಟ್ಟರ್‌ಗೆಲ್ಲ ಇಟ್ಟು, ಒಳಗೆ ನಿಜವಾದ ಕತ್ತಿ ಮಲಗಿರೋವಾಗ ಅದನ್ನ ಬಿಟ್ಟುಬಿಡೋಕಾಗುತ್ತಾ?”

ಅವರ ಲೆಕ್ಕದಲ್ಲಿ ಅದು ಸರಿಯಾಗಿಯೇ ಇತ್ತು. ಬೇರೆ ಯಾವ ದಿನವಾದರೂ ಆ ಕತ್ತಿಯನ್ನು ಮುಟ್ಟುವವರ ಕೈ ಮುರಿಯುತ್ತಿದ್ದರು ಅವರು. ಗಂಧದ ನೀರು ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ, ಅಂಗಡಿಯ ಕುಂಕುಮದ ಬಣ್ಣ ಹಳೆಯ ಚರ್ಮದೊಳಗೆ ಇಳಿಯುತ್ತದೆ ಎಂದು ನಾನು ಬಿಡಿಸಿ ಹೇಳಿದೆ. ಹೇಳುತ್ತಿದ್ದ ಹಾಗೆ ಅವರ ಮುಖದ ಬಣ್ಣ ಇಳಿಯಿತು.

“ಒರೆಸಿಬಿಡ್ಲಾ ಮೇಡಂ? ಒಂದು ನಿಮಿಷದ ಕೆಲಸ. ಅವರು ಬರೋಷ್ಟರಲ್ಲಿ ಗೊತ್ತೇ ಆಗಲ್ಲ.”

ಸುದ್ದಿ ತಿಳಿದು ಬಂದ ಮ್ಯಾನೇಜರ್ ಹೇಳಿದ್ದೂ ಅದನ್ನೇ. ಚೆನ್ನಾಗಿ ಒರೆಸಿ, ಕಾಗದ ಮುಚ್ಚಿ, ಪೆಟ್ಟಿಗೆಗೆ ಹಾಕಿ ಕಳಿಸಿಬಿಡಿ ಎಂದರು, ಇಲ್ಲಿಯ ಎಲ್ಲರಂತೆ ಮಾತಿನ ಕೊನೆಗೆ ‘ಲಾ’ ಹಚ್ಚಿ. ಸಿಕ್ಕಿಬಿದ್ದರೆ ಮಾತ್ರ ಯಾರೋ ಒಬ್ಬರು ಹೋಗಬೇಕಾಗುತ್ತದೆ ಎಂದು ಸೇರಿಸಿದರು. ಹಾಗೆನ್ನುವಾಗ ಅವರು ಮೈಸೂರಣ್ಣನ ಕಡೆ ನೋಡಲಿಲ್ಲ. ನೋಡದಿದ್ದುದರಿಂದಲೇ ಎಲ್ಲರಿಗೂ ಅರ್ಥವಾಯಿತು.

ಆಗ ನನಗಾದ ಸಂಕಟ ಅಷ್ಟಿಷ್ಟಲ್ಲ. ಒರೆಸಿದರೆ ಒಬ್ಬ ಒಳ್ಳೆಯ ಮನುಷ್ಯನ ಅನ್ನ ಉಳಿಯಬಹುದು. ಆದರೆ ಕುಂಕುಮದ ಪುಡಿಯ ಮೇಲೆ ಬಟ್ಟೆ ಎಳೆದರೆ ಅದು ಅಲಗನ್ನು ಗೀರುತ್ತದೆ, ಚರ್ಮದ ಎಳೆ ಎಳೆಗೂ ಬಣ್ಣ ತುಂಬುತ್ತದೆ. ಬೊಟ್ಟಿನಷ್ಟಿದ್ದದ್ದು ಅಂಗೈಯಷ್ಟಾಗುತ್ತದೆ. ಒರೆಸದೆ ಕಾದರೂ ಗಂಧದ ಅಡಿಯಲ್ಲಿ ತುಕ್ಕು ಕೂರುತ್ತಿರುತ್ತದೆ. ಯಾವುದನ್ನು ಮಾಡಬೇಕೆಂದು ಬಲ್ಲವರು ಒಬ್ಬರೇ ಇದ್ದರು, ಅವರು ಫೆಡರಲ್ ಹೈವೇಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದರು. ಕ್ಷಮಿಸಿ ಅಣ್ಣ ಎಂದು ಮೈಸೂರಣ್ಣನಿಗೆ ಹೇಳಿ ಕ್ಯುರೇಟರಿಗೆ ಫೋನ್ ಮಾಡಿದೆ.

ಎಲ್ಲವನ್ನೂ ಹೇಳಿದೆ. ಹಾರ್ನ್ ಸದ್ದಿನ ನಡುವೆ ಆ ಕಡೆಯಿಂದ ಒಂದೇ ಪ್ರಶ್ನೆ ಬಂತು, ಒದ್ದೆ ಇದೆಯೋ ಒಣಗಿದೆಯೋ. ಅರ್ಧ ಒದ್ದೆ ಎಂದೆ. ಹೂವನ್ನು ಮುಟ್ಟಬೇಡಿ, ಕೋಣೆಯ ತೇವ ಇಳಿಸಿ, ತೇವ ಹೀರುವ ಸಿಲಿಕಾ ಚೀಲಗಳನ್ನು ಅಲಗಿನ ಎರಡು ಬದಿಗೂ ಇಡಿ, ಯಾರನ್ನೂ ಒಳಗೆ ಬಿಡಬೇಡಿ ಎಂದರು. ನಾನು ಹಾಗೆಯೇ ಮಾಡಿ ಬಾಗಿಲಿಗೆ ಕಾವಲು ಕೂತೆ. ಮ್ಯಾನೇಜರ್ ಮೈಸೂರಣ್ಣನಿಗೆ ಮನೆಗೆ ಹೋಗಲು ಹೇಳಿದರು.

ಕ್ಯುರೇಟರ್ ಬಂದವರೇ ಕೈಗವಸು ತೊಟ್ಟು, ಹಣೆಗೆ ಸಣ್ಣ ದೀಪ ಕಟ್ಟಿಕೊಂಡು ಮೇಜಿನ ಮೇಲೆ ಬಗ್ಗಿದರು. ಸೇವಂತಿಗೆಯನ್ನು ಚಿಮುಟದಿಂದ ಎತ್ತಿ ಒಂದು ತಟ್ಟೆಯಲ್ಲಿಟ್ಟರು. ಒಣ ಪುಡಿಯನ್ನು ಮೆತ್ತನೆಯ ಕುಂಚದಿಂದ ಸಣ್ಣ ಹೀರುಯಂತ್ರದ ಬಾಯಿಗೆ ತಳ್ಳಿದರು. ಗಂಧ ಪೂರ್ತಿ ಒಣಗಲಿ ಎಂದು ಕಾದು, ಬಿದಿರಿನ ಕಡ್ಡಿಯ ತುದಿಯಿಂದ ಚಕ್ಕೆ ಚಕ್ಕೆಯಾಗಿ ಬಿಡಿಸಿದರು. ಉಳಿದದ್ದಕ್ಕೆ ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿ, ಒಂದೇ ದಿಕ್ಕಿಗೆ, ಒಂದು ಸಲ ಸವರಿದ ಹತ್ತಿಯನ್ನು ಇನ್ನೊಮ್ಮೆ ಬಳಸದೆ. ನಾನು ಹತ್ತಿ ಸುತ್ತಿ ಸುತ್ತಿ ಕೊಡುತ್ತಿದ್ದೆ. ಗಂಧದ ಅಡಿಯಲ್ಲಿ ಸಾಸಿವೆಯಷ್ಟು ತುಕ್ಕು ಎದ್ದಿತ್ತು. ಅದನ್ನು ತೆಗೆದು ಮೇಣ ಹಚ್ಚಿದರು. ಹಿಡಿಯ ಚರ್ಮದ ಮೇಲಿನ ಕೆಂಪು ಮಾತ್ರ ಹೋಗಲಿಲ್ಲ. ಅದನ್ನು ಬಲವಂತವಾಗಿ ತೆಗೆದರೆ ಚರ್ಮವೇ ಬರುತ್ತದೆ ಎಂದು ದೀಪ ಆರಿಸಿದರು.

ಯಾರು ಮಾಡಿದ್ದು ಎಂದು ಆಗ ಕೇಳಿದರು. ಕಂಪನಿಯ ಪರವಾಗಿ ಕ್ಷಮೆ ಕೇಳುತ್ತೇನೆ ಎಂದು ನಾನು ಶುರುಮಾಡಿದೆ.

“ಕಂಪನಿಗೆ ಬೆರಳಿರುವುದಿಲ್ಲ,” ಎಂದರು.

ಬಾಗಿಲಲ್ಲಿ ಮೈಸೂರಣ್ಣ ನಿಂತಿದ್ದರು. ಮನೆಗೆ ಹೋಗಿರಲೇ ಇಲ್ಲ. ಚಪ್ಪಲಿ ಹೊರಗೆ ಬಿಟ್ಟು ಬರಿಗಾಲಲ್ಲಿ ಒಳಗೆ ಬಂದು, ನಾನೇ ಎಂದರು. ಯಾಕೆ ಎಂದು ಕ್ಯುರೇಟರ್ ಕೇಳಿದರು. ಇಂಗ್ಲಿಷಿನಲ್ಲಿ ಮೈಸೂರಣ್ಣನಿಗೆ ಅಷ್ಟು ದೂರ ಹೋಗಲು ಬಾರದು. ನಾನು ಒಂದೊಂದೇ ಮಾತು ತಿರುಗಿಸಿ ಹೇಳಿದೆ.

“ಆಯುಧ ವರ್ಷಪೂರ್ತಿ ದುಡಿದಿರುತ್ತೆ ಮೇಡಂ. ಇವತ್ತೊಂದು ದಿನ ಅದಕ್ಕೆ ರಜ. ಯಾರೂ ಎತ್ತಬಾರದು, ಕೈ ಮುಗಿದು ಸುಮ್ಮನೆ ಬಿಡಬೇಕು. ಈ ಕತ್ತಿಗೆ ಪಾಪ ಯಾರೂ ಯಾವತ್ತೂ ರಜ ಕೊಟ್ಟಿರಲ್ಲ ಅನ್ನಿಸ್ತು. ಕೊಟ್ಟೆ. ತಪ್ಪಾಯ್ತು.”

ದಣಿದ ಸಿಪಾಯಿಗಳನ್ನು ಮಲಗಲು ಬಿಟ್ಟು ತಲೆ ಕಳೆದುಕೊಂಡ ಜನರಲನ ಕಥೆ ಮೈಸೂರಣ್ಣನಿಗೆ ಗೊತ್ತಿರಲಿಲ್ಲ. ಅವರಿಗೆ ಯಾರೂ ಹೇಳಿರಲಿಲ್ಲ. ಕ್ಯುರೇಟರ್ ಕೈಗವಸು ಬಿಚ್ಚಿ ಮೇಜಿನ ಅಂಚು ಹಿಡಿದು ನಿಂತರು.

ಆಮೇಲೆ ಅವರು ನನ್ನನ್ನು ಕರೆದು ಅಲಗಿನ ಬುಡ ತೋರಿಸಿದರು. ಅಲ್ಲಿ ಒರಟಾದ ಗೀರುಗಳಿದ್ದವು. ಜನರಲನ ಹೆಸರು ಕೊರೆದಿದ್ದ ಜಾಗವಂತೆ. ದ್ರೋಹಿಯ ಕತ್ತಿ ಇಟ್ಟುಕೊಂಡರೆ ತಮ್ಮ ತಲೆಯೂ ಹೋದೀತೆಂದು ಊರಿನವರೇ ಅರ ಹಾಕಿ ಉಜ್ಜಿದ್ದರು. ಕತ್ತಿಯ ಸ್ಥಿತಿಯ ವರದಿ ಬರೆಯುವಾಗ ಎರಡು ಬಗೆಯ ಕಲೆಗಳನ್ನು ಬೇರೆ ಬೇರೆ ಬರೆಯುವುದು ರೂಢಿ, ಹಾನಿಯಿಂದ ಆದದ್ದು ಮತ್ತು ವಸ್ತುವಿನ ಬದುಕಿನಲ್ಲೇ ಆದದ್ದು.

“ಇದು ನಮ್ಮೂರಿನವರ ಹೆದರಿಕೆ,” ಎಂದು ಗೀರುಗಳ ಮೇಲೆ ಬೆರಳು ತೋರಿಸಿದರು. “ಇದನ್ನು ಕತ್ತಿಯ ಬದುಕು ಎಂದು ಬರೆದಿದ್ದೇವೆ. ಇವರ ನಮಸ್ಕಾರವನ್ನು ಮಾತ್ರ ಹಾನಿ ಎಂದು ಬರೆಯಲು ನನಗೆ ಕೈ ಬರುವುದಿಲ್ಲ.”

ತುಕ್ಕನ್ನು ಹಾನಿ ಎಂದೇ ಬರೆದರು, ಅದರಲ್ಲಿ ರಿಯಾಯಿತಿ ತೋರಿಸಲಿಲ್ಲ. ನಾನೇ ಸರಿಪಡಿಸಿದ್ದೇನೆ, ಪರಿಹಾರ ಬೇಡ ಎಂದು ಕೆಳಗೆ ಸೇರಿಸಿದರು. ಹಿಡಿಯ ಕೆಂಪನ್ನು ಗೀರುಗಳ ಸಾಲಿನಲ್ಲೇ ಬರೆದರು. ಸಿಟ್ಟು ಇಳಿದಿತ್ತು ಎಂದ ಹಾಗಲ್ಲ. ತನ್ನ ಯಾವ ವಸ್ತುವನ್ನೂ ಈ ಹಬ್ಬದ ದಿನ ಈ ಕಟ್ಟಡದಲ್ಲಿ ಇಡಕೂಡದು ಎಂದು ನನಗೆ ಬೆರಳು ಅಲ್ಲಾಡಿಸಿ ಹೇಳಿದರು, ಥೇಟ್ ನನ್ನ ದೊಡ್ಡತ್ತೆಯ ಹಾಗೆ.

ಅಷ್ಟರಲ್ಲಿ ಮ್ಯಾನೇಜರ್ ಬಂದರು. ಹೊಣೆಗಾರನನ್ನು ಇವತ್ತೇ ಕೆಲಸದಿಂದ ತೆಗೆಯುತ್ತೇವೆ, ದಯವಿಟ್ಟು ದೂರು ಕೊಡಬೇಡಿ ಎಂದು ಬೇಡಿಕೊಂಡರು. ಅವರೂ ಪಾಪ ಮೇಲಿನವರಿಗೆ ಹೆದರಿದವರು.

“ನಿಮಗೆ ಈ ಜನರಲನ ಕಥೆ ಗೊತ್ತೇ?” ಎಂದು ಕ್ಯುರೇಟರ್ ಕೇಳಿದರು. “ಒಬ್ಬನ ತಲೆ ತೆಗೆದರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡವರ ಕಥೆ. ಸರಿಹೋಗಲಿಲ್ಲ. ವಾಪಸು ಪ್ಯಾಕಿಂಗಿಗೆ ನನಗೆ ಈ ಮನುಷ್ಯನೇ ಬೇಕು. ಇವರು ಇಲ್ಲದಿದ್ದರೆ ಕತ್ತಿಯನ್ನು ಬೇರೆ ಕಂಪನಿಗೆ ಕೊಡುತ್ತೇನೆ.”

ಪ್ರದರ್ಶನ ಮುಗಿಯುವುದು ಪಾಸಿನ ಅವಧಿ ತೀರಿದ ಮೇಲೆ. ಅದನ್ನು ಮ್ಯಾನೇಜರಿಗೆ ನೆನಪಿಸಲು ನಾನು ತಡಮಾಡಲಿಲ್ಲ. ಬಹಳ ದಿನದಿಂದ ತಳ್ಳುತ್ತ ಬಂದಿದ್ದ ಸಹಿಯನ್ನು ಅವರು ಊಟದ ಹೊತ್ತಿಗೆ ಮೊದಲು ಹಾಕಿದರು. ನನಗೆ ಅಳು ಬಂತು. ಮೈಸೂರಣ್ಣ ಅಳಲಿಲ್ಲ, ಥ್ಯಾಂಕ್ಸ್ ಕೂಡ ಹೇಳಲಿಲ್ಲ. ಅಲ್ಯೂಮಿನಿಯಂ ಪೆಟ್ಟಿಗೆ ಬಂದಿತ್ತು, ಒಳಗಿನ ಸ್ಪಂಜು ಸಮವಾಗಿ ಕೂತಿದೆಯೇ ಎಂದು ಸುತ್ತಲೂ ಒತ್ತಿ ನೋಡಿದರು. ಕತ್ತಿಯನ್ನು ಕ್ಯುರೇಟರ್ ಹಿಡಿಯ ಕಡೆಯಿಂದ, ಮೈಸೂರಣ್ಣ ತುದಿಯ ಕಡೆಯಿಂದ ಹಿಡಿದು ಒಳಗೆ ಮಲಗಿಸಿದರು. ಮುಚ್ಚಳ ಹಾಕುವ ಮೊದಲು ಮೈಸೂರಣ್ಣ ನನ್ನ ಕಡೆ ತಿರುಗಿದರು.

“ಮೇಡಂ, ಇದರ ಯಜಮಾನರ ಹೆಸರೇನು ಅಂತ ಕೇಳಿ. ಬೆಳಿಗ್ಗೆ ಸಂಕಲ್ಪ ಮಾಡುವಾಗ ಹೆಸರು ಗೊತ್ತಿರಲಿಲ್ಲ. ಯಾರೋ ಮಹಾನುಭಾವರು ಅಂದುಬಿಟ್ಟೆ.”

ನಾನು ಕೇಳಿದೆ. ಕ್ಯುರೇಟರ್ ಹೇಳಿದರು. ಮೈಸೂರಣ್ಣ ಅದನ್ನು ತಿರುಗಿ ಹೇಳಿದಾಗ ಹೆಸರಿನ ಕೈಕಾಲು ಮುರಿದಿತ್ತು. ಕ್ಯುರೇಟರ್ ತಿದ್ದಿದರು. ಅವರು ಮತ್ತೆ ಹೇಳಿದರು, ಮತ್ತೆ ತಿದ್ದಿದರು. ಕೊನೆಗೊಮ್ಮೆ ಅದು ಹೆಸರಿನಂತೆಯೇ ಬಂತು. ಮೈಸೂರಣ್ಣ ಕೈ ಜೋಡಿಸಿ, ಊರಿನವರೇ ಉಜ್ಜಿ ಅಳಿಸಿದ್ದ ಆ ಹೆಸರನ್ನು ಕೋಣೆ ತುಂಬುವ ಹಾಗೆ ದೊಡ್ಡ ದನಿಯಲ್ಲಿ ಹೇಳಿ ಮುಚ್ಚಳ ಹಾಕಿದರು.

ಕ್ಯುರೇಟರ್ ಬಗ್ಗಿ ಪೆಟ್ಟಿಗೆಯ ಚಿಲಕಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಚಿಲಕಗಳೆಲ್ಲ ಸರಿಯಾಗಿಯೇ ಇದ್ದವು. ಆದರೂ ಅವರು ಬಹಳ ಹೊತ್ತು ಮುಖ ಎತ್ತಲಿಲ್ಲ.